ಹೊಸ ಕ್ಯಾಮೆರಾದ ರಾ ಫೈಲ್‌ನಲ್ಲಿ ಕೋಬಾಲ್ಟ್ ನೀಲಿ ನೇರಳೆಯಾಗುತ್ತಿದೆ. ಪ್ರೊಫೈಲ್ ತಪ್ಪಿದೆಯೇ?

ಪ್ರಶ್ನೆ

ಕಲಾವಿದರ ಚಿತ್ರಗಳ ಫೋಟೊ ತೆಗೆದು ಮುದ್ರಣಕ್ಕೆ ಅಣಿಮಾಡಿ ಕೊಡುವುದು ನನ್ನ ಕೆಲಸ. ಹೆಚ್ಚಿನವು ತೈಲವರ್ಣ, ನಡುನಡುವೆ ಜಲವರ್ಣವೂ ಬರುತ್ತದೆ. ಈ ಕೆಲಸದಲ್ಲಿ ಫೋಟೊ ಚೆಂದ ಕಂಡರೆ ಸಾಲದು. ಚಿತ್ರ ಬರೆದವರು ಕ್ಯಾನ್ವಾಸನ್ನು ಪಕ್ಕದಲ್ಲಿಟ್ಟುಕೊಂಡೇ ಪ್ರಿಂಟ್ ನೋಡುತ್ತಾರೆ. ಎರಡೂ ಹೊಂದಬೇಕು.

ಇತ್ತೀಚೆಗೆ ಕ್ಯಾಮೆರಾ ಬಾಡಿ ಬದಲಾಯಿಸಿದೆ. ಲೆನ್ಸ್ ಅದೇ, ಎರಡು ಎಲ್‌ಇಡಿ ದೀಪಗಳು ಅವೇ, ಅವುಗಳನ್ನು ನಿಲ್ಲಿಸುವ ಜಾಗವೂ ಅದೇ. ಮಾನಿಟರನ್ನು ಕಲರಿಮೀಟರ್ ಇಟ್ಟು ಕ್ಯಾಲಿಬ್ರೇಟ್ ಮಾಡಿದ್ದೇನೆ. ಹಳೆಯ ಬಾಡಿಯ ಫೈಲ್‌ಗಳು ಈಗಲೂ ಅದೇ ಮಾನಿಟರ್‌ನಲ್ಲಿ ಕ್ಯಾನ್ವಾಸಿಗೆ ಸರಿಯಾಗಿ ಹೊಂದುತ್ತವೆ. ಹಾಗಾಗಿ ಮಾನಿಟರ್ ಮೇಲೆ ನನಗೆ ಅನುಮಾನವಿಲ್ಲ.

ಹೊಸ ಬಾಡಿಯ ರಾ ಫೈಲ್ (ಸೆನ್ಸರ್ ಹಿಡಿದ ಕಚ್ಚಾ ಅಂಕೆಗಳ ಫೈಲ್) ತೆರೆದರೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಕೋಬಾಲ್ಟ್ ನೀಲಿ. ಆಕಾಶಕ್ಕೆ ಬಳಿದ ಶುದ್ಧ ನೀಲಿ ಪರದೆಯ ಮೇಲೆ ನೇರಳೆಯ ಕಡೆ ವಾಲುತ್ತದೆ, ಅದೂ ಯಾರ ಕಣ್ಣಿಗಾದರೂ ಬೀಳುವಷ್ಟು. ಕ್ಯಾಡ್ಮಿಯಂ ಕೆಂಪು ಇನ್ನೊಂದು ತಲೆನೋವು. ಎಕ್ಸ್‌ಪೋಶರ್ ಸ್ಲೈಡರ್ ಅನ್ನು ಒಂದು ಸ್ಟಾಪ್ ಮೇಲೆತ್ತಿದರೆ ಕೆಂಪು ಬೆಳಗಾಗುವುದರ ಜೊತೆಗೆ ಕಿತ್ತಳೆಯೂ ಆಗಿಬಿಡುತ್ತದೆ. ಕಪ್ಪು ಹಿನ್ನೆಲೆಯಿರುವ ಚಿತ್ರಗಳಲ್ಲಿ ನೆರಳಿನ ಭಾಗ ಎತ್ತಿದ ಕೂಡಲೇ ಗುಲಾಬಿ ಛಾಯೆ ಮೇಲೆ ಬರುತ್ತದೆ. ಇವೆಲ್ಲದರ ಜೊತೆಗೆ, ಕ್ಯಾಮೆರಾದಲ್ಲಿ 5000 ಕೆಲ್ವಿನ್ ಎಂದು ನಾನೇ ಇಟ್ಟಿದ್ದರೂ ಸಾಫ್ಟ್‌ವೇರ್ 4700ರ ಆಸುಪಾಸಿನ ಅಂಕೆ ತೋರಿಸುತ್ತದೆ, ಟಿಂಟ್ (ಹಸಿರು-ಮಜೆಂಟಾ ಹೊಂದಿಕೆ) ಕೂಡ ಸೊನ್ನೆಯಲ್ಲಿರುವುದಿಲ್ಲ.

ಕ್ಯಾಮೆರಾದ ಜೆಪೆಗ್ ಇದಕ್ಕಿಂತ ವಾಸಿ ಅನ್ನಿಸುತ್ತದೆ. ಹಾಗಾದರೆ ಸಾಫ್ಟ್‌ವೇರ್ ಈ ಮಾದರಿಗೆ ಕೊಟ್ಟಿರುವ ಪ್ರೊಫೈಲ್, ಅಂದರೆ ಸೆನ್ಸರ್‌ನ ಅಂಕೆಗಳನ್ನು ಬಣ್ಣಗಳಾಗಿ ತಿರುಗಿಸುವ ಸೂತ್ರ, ತಪ್ಪೇ? ಅವರು ಸರಿಪಡಿಸುವವರೆಗೆ ಕಾಯಬೇಕೇ, ಎಚ್‌ಎಸ್‌ಎಲ್ (ವರ್ಣ, ಗಾಢತೆ, ಹೊಳಪು) ಸ್ಲೈಡರ್‌ಗಳಲ್ಲಿ ನೀಲಿಯನ್ನು ಎಳೆದು ಕೂರಿಸಬೇಕೇ, ಅಥವಾ ನಾನೇ ಪ್ರೊಫೈಲ್ ಮಾಡಿಕೊಳ್ಳಬೇಕೇ? ಕಲಾವಿದರೊಬ್ಬರ ಪೂರ್ತಿ ಸಂಗ್ರಹ ನನ್ನ ಕೈಯಲ್ಲಿದೆ. ಅಂದಾಜಿನ ಮೇಲೆ ಕೆಲಸ ಮುಂದುವರಿಸಲು ಮನಸ್ಸು ಒಪ್ಪುತ್ತಿಲ್ಲ.

ಉತ್ತರ 1

ನೀವು ಹೇಳಿದ್ದರಲ್ಲಿ ಬೇರೆ ಬೇರೆ ಕಾರಣಗಳ ತೊಂದರೆಗಳು ಒಂದೇ ಗಂಟಿನಲ್ಲಿ ಸೇರಿಕೊಂಡಿವೆ. ಎಲ್ಲದಕ್ಕೂ ಪ್ರೊಫೈಲನ್ನೇ ಹೊಣೆ ಮಾಡಿದರೆ ಒಂದೂ ಬಗೆಹರಿಯುವುದಿಲ್ಲ. ಬಿಡಿಸಿ ನೋಡೋಣ.

ಕೆಲ್ವಿನ್ ಅಂಕೆಯ ಚಿಂತೆ ಬಿಟ್ಟುಬಿಡಿ. ರಾ ಫೈಲ್‌ನಲ್ಲಿ ಸಾಮಾನ್ಯವಾಗಿ ಇರುವುದು ಕೆಂಪು ಮತ್ತು ನೀಲಿ ಚಾನೆಲ್‌ಗಳನ್ನು ಹಸಿರಿಗೆ ಹೋಲಿಸಿ ಎಷ್ಟು ಪಟ್ಟು ಹೆಚ್ಚಿಸಬೇಕು ಎಂಬ ಗುಣಕಗಳು. ಸಾಫ್ಟ್‌ವೇರ್ ಆ ಗುಣಕಗಳನ್ನು ತನ್ನ ಮ್ಯಾಟ್ರಿಕ್ಸ್ (ಪ್ರೊಫೈಲ್‌ನಲ್ಲಿರುವ ಬಣ್ಣ ಪರಿವರ್ತನೆಯ ಅಂಕೆಗಳು) ಮೂಲಕ ಹಿಂದಕ್ಕೆ ಲೆಕ್ಕ ಹಾಕಿ ಒಂದು ಕೆಲ್ವಿನ್ ಅಂಕೆ ಕಂಡುಕೊಳ್ಳುತ್ತದೆ. ಕ್ಯಾಮೆರಾ ತಯಾರಕರ ಲೆಕ್ಕ ಬೇರೆ, ಇವರ ಲೆಕ್ಕ ಬೇರೆ, ಅಂಕೆಯೂ ಬೇರೆ. ಬೂದು ಕಾರ್ಡ್ ಮೇಲೆ ಪಿಕರ್ ಇಟ್ಟಾಗ ಮೂರೂ ಚಾನೆಲ್ ಸಮ ಬರುತ್ತಿದ್ದರೆ ವೈಟ್ ಬ್ಯಾಲೆನ್ಸ್ ಸರಿಯಾಗಿದೆ.

ನೆರಳಿನ ಗುಲಾಬಿ ಮಾತ್ರ ನಿಜವಾದ ದೋಷ ಇರಬಹುದು, ಆದರೆ ಅದು ಪ್ರೊಫೈಲ್‌ಗಿಂತ ಒಂದು ಹೆಜ್ಜೆ ಮೊದಲೇ ಆಗಿರುವಂಥದ್ದು. ಬೆಳಕೇ ಬೀಳದಿದ್ದರೂ ಸೆನ್ಸರ್ ಸೊನ್ನೆ ಕೊಡುವುದಿಲ್ಲ, ಒಂದು ತಳಮಟ್ಟದ ಅಂಕೆ ಕೊಡುತ್ತದೆ. ಅದಕ್ಕೆ ಬ್ಲ್ಯಾಕ್ ಲೆವೆಲ್ ಎನ್ನುತ್ತಾರೆ. ಬೇರೆ ಯಾವ ಲೆಕ್ಕಕ್ಕೂ ಮೊದಲು ಸಾಫ್ಟ್‌ವೇರ್ ಅದನ್ನು ಕಳೆಯಬೇಕು. 14 ಬಿಟ್ ಫೈಲ್‌ನಲ್ಲಿ ಅಂಕೆಗಳು 0ಯಿಂದ 16383ರವರೆಗೆ ಹೋಗುತ್ತವೆ. ನಿಮ್ಮ ಕ್ಯಾಮೆರಾದ ತಳ 512 ಇದ್ದು ಸಾಫ್ಟ್‌ವೇರ್ 500 ಮಾತ್ರ ಕಳೆದರೆ ಪ್ರತಿ ಚಾನೆಲ್‌ನಲ್ಲೂ 12 ಉಳಿಯಿತು. ಆಮೇಲೆ ವೈಟ್ ಬ್ಯಾಲೆನ್ಸ್ ಕೆಂಪನ್ನು ಎರಡು ಪಟ್ಟು, ನೀಲಿಯನ್ನು ಒಂದೂವರೆ ಪಟ್ಟು ಮಾಡಿತು ಎನ್ನಿ. ಕೆಂಪು 24, ಹಸಿರು 12, ನೀಲಿ 18. ಇದು ಮಜೆಂಟಾ. ಬೆಳಕಿನ ಭಾಗದಲ್ಲಿ ಸಾವಿರಗಟ್ಟಲೆ ಅಂಕೆಗಳ ನಡುವೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ಚಿತ್ರದ ಮಾಹಿತಿಯೇ ಮೂವತ್ತು ನಲವತ್ತು ಅಂಕೆಗಳಷ್ಟಿರುವ ಕಡುನೆರಳಲ್ಲಿ ಅದೇ ಎದ್ದು ಕೂರುತ್ತದೆ. ಹೆಚ್ಚು ಕಳೆದರೆ ಇದೇ ತಿರುವುಮುರುವಾಗಿ ನೆರಳು ಹಸಿರಾಗುತ್ತದೆ. ಪರೀಕ್ಷೆ ಸುಲಭ. ಲೆನ್ಸ್ ಮುಚ್ಚಳ ಹಾಕಿ, ನೀವು ಕೆಲಸಕ್ಕೆ ಬಳಸುವ ಐಎಸ್‌ಒದಲ್ಲಿ ಒಂದು ಫ್ರೇಮ್ ತೆಗೆಯಿರಿ. ರಾಡಿಗ್ಗರ್‌ನಂಥ ಉಪಕರಣದಲ್ಲಿ ತೆರೆದು ನಾಲ್ಕೂ ಚಾನೆಲ್‌ಗಳ (ಕೆಂಪು, ನೀಲಿ, ಎರಡು ಹಸಿರು) ಸರಾಸರಿ ನೋಡಿ, ಸಾಫ್ಟ್‌ವೇರ್ ಬಳಸುವ ಅಂಕೆಯ ಪಕ್ಕದಲ್ಲಿಟ್ಟು ಹೋಲಿಸಿ. ಡಾರ್ಕ್‌ಟೇಬಲ್, ರಾಥೆರಪಿ ಎಂಬ ರಾ ಸಾಫ್ಟ್‌ವೇರ್‌ಗಳೆರಡರಲ್ಲೂ ಬ್ಲ್ಯಾಕ್ ಲೆವೆಲನ್ನು ಕೈಯಿಂದ ತಿದ್ದಬಹುದು.

ಎಕ್ಸ್‌ಪೋಶರ್ ಎತ್ತಿದಾಗ ಕೆಂಪು ಕಿತ್ತಳೆಯಾಗುವುದು ಇನ್ನೊಂದು ಕಥೆ. ಮ್ಯಾಟ್ರಿಕ್ಸ್ ಎಂದರೆ ಒಂಬತ್ತು ಅಂಕೆಗಳ ಗುಣಾಕಾರ. ಬೆಳಕು ಎರಡರಷ್ಟಾದರೆ ಫಲವೂ ಎರಡರಷ್ಟಾಗುತ್ತದೆಯೇ ಹೊರತು ಬಣ್ಣದ ದಿಕ್ಕು ಬದಲಾಗುವುದಿಲ್ಲ. ಬಣ್ಣ ತಿರುಗುತ್ತಿದೆ ಎಂದರೆ ಮ್ಯಾಟ್ರಿಕ್ಸ್‌ನ ನಂತರ ಬರುವ ಟೋನ್ ಕರ್ವ್ (ಹೊಳಪು, ಕಾಂಟ್ರಾಸ್ಟ್ ಹೊಂದಿಸುವ ರೇಖೆ) ಅಥವಾ ಲುಕ್ ಟೇಬಲ್ (ಬಣ್ಣಗಳಿಗೆ ಬೇಕಾದ ಹದ ಕೊಡುವ ಕೋಷ್ಟಕ) ಅದನ್ನು ತಿರುಗಿಸುತ್ತಿದೆ. ಕರ್ವ್ ಪ್ರತಿ ಚಾನೆಲ್ ಮೇಲೂ ಬೇರೆಬೇರೆಯಾಗಿ ಓಡಿದರೆ, ಮೇಲ್ತುದಿಯಲ್ಲಿ ಕೆಂಪು ಚಾನೆಲ್ ಚಪ್ಪಟೆಯಾಗುವಾಗ ಹಸಿರು ಇನ್ನೂ ಏರುತ್ತಿರುತ್ತದೆ, ಫಲ ಕಿತ್ತಳೆ. ಡಿಸಿಪಿ ಎಂಬ ನಮೂನೆಯ ಕೆಲವು ಪ್ರೊಫೈಲ್‌ಗಳಲ್ಲಿ ಹೊಳಪು ಬದಲಾದಂತೆ ವರ್ಣವನ್ನೂ ಬದಲಿಸುವ ಕೋಷ್ಟಕವನ್ನು ಬೇಕೆಂದೇ ಸೇರಿಸಿರುತ್ತಾರೆ. ಸೂರ್ಯಾಸ್ತವೋ ಮುಖದ ಮೈಬಣ್ಣವೋ ಹಿತವಾಗಿ ಕಾಣಲಿ ಎಂಬ ಉದ್ದೇಶ ಅದರದು. ಭಾವಚಿತ್ರಕ್ಕೆ ಅದು ಒಪ್ಪೀತು, ವರ್ಣಚಿತ್ರದ ಪ್ರತಿ ತೆಗೆಯುವವರಿಗೆ ಅದು ಅಡ್ಡಿ. ರಾಥೆರಪಿಯಲ್ಲಿ ಅದೇ ಡಿಸಿಪಿಯನ್ನು ಹಾಕಿ, ಟೋನ್ ಕರ್ವ್ ಮತ್ತು ಲುಕ್ ಟೇಬಲ್ ಎಂಬ ಎರಡು ಗುರುತುಗಳನ್ನು ತೆಗೆದು ಮತ್ತೆ ಎಕ್ಸ್‌ಪೋಶರ್ ಎತ್ತಿ ನೋಡಿ. ಕೆಂಪು ಅಲ್ಲಾಡದೆ ನಿಂತರೆ ಉತ್ತರ ಸಿಕ್ಕಂತೆ.

ಕೋಬಾಲ್ಟ್ ನೀಲಿಯ ವಿಷಯ ಇವೆಲ್ಲಕ್ಕಿಂತ ಆಳದ್ದು. ಸೆನ್ಸರ್‌ನ ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು, ನೀಲಿ ಫಿಲ್ಟರ್‌ಗಳಲ್ಲಿ ಒಂದು ಮಾತ್ರ ಇರುತ್ತದೆ. ಆ ಫಿಲ್ಟರ್‌ಗಳು ಬೆಳಕನ್ನು ಹಂಚಿಕೊಳ್ಳುವ ರೀತಿ ನಮ್ಮ ಕಣ್ಣು ಹಂಚಿಕೊಳ್ಳುವ ರೀತಿಗೆ ಒಂದು ಸರಳ ಗುಣಾಕಾರದಿಂದ ಹೊಂದುವಂತಿದ್ದರೆ, ಒಂದೇ ಮ್ಯಾಟ್ರಿಕ್ಸ್ ಎಲ್ಲ ಬಣ್ಣಗಳಿಗೂ ಸರಿಹೋಗುತ್ತಿತ್ತು. ಇದನ್ನು ಲೂಥರ್ ನಿಯಮ ಎನ್ನುತ್ತಾರೆ. ನಮ್ಮ ಕೈಗೆ ಸಿಗುವ ಯಾವ ಕ್ಯಾಮೆರಾವೂ ಅದನ್ನು ಪೂರ್ತಿ ಪಾಲಿಸುವುದಿಲ್ಲ. ಆದ್ದರಿಂದ ಪ್ರೊಫೈಲ್ ಎಂಬುದು ಯಾವಾಗಲೂ ಒಂದು ರಾಜಿ. ಕೆಲವು ಬಣ್ಣಗಳು ಹತ್ತಿರ ಬರುತ್ತವೆ, ಕೆಲವು ದೂರ ಉಳಿಯುತ್ತವೆ.

ಕೋಬಾಲ್ಟ್ ನೀಲಿ ವರ್ಣದ್ರವ್ಯಕ್ಕೆ ಒಂದು ವಿಶೇಷ ಗುಣವಿದೆ. ನೀಲಿಯನ್ನು ಪ್ರತಿಫಲಿಸುವುದರ ಜೊತೆಗೆ ಗಾಢಕೆಂಪಿನ ತುದಿಯಲ್ಲೂ ಅದರ ಪ್ರತಿಫಲನ ಮತ್ತೆ ಏರುತ್ತದೆ. ಕಣ್ಣಿಗೆ ಆ ಭಾಗ ಹೆಚ್ಚುಕಡಿಮೆ ಕತ್ತಲೆ. 680 ನ್ಯಾನೋಮೀಟರ್ ಬಳಿ ಕಣ್ಣಿನ ಸಂವೇದನೆ 555ರಲ್ಲಿರುವ ಗರಿಷ್ಠದ ಶೇಕಡಾ 2ಕ್ಕಿಂತಲೂ ಕಡಿಮೆ. ಕ್ಯಾಮೆರಾದ ಕೆಂಪು ಚಾನೆಲ್‌ಗೆ ಅಲ್ಲಿ ಎಷ್ಟು ಕಾಣುತ್ತದೆ ಎಂಬುದನ್ನು ಸೆನ್ಸರ್ ಮುಂದಿರುವ ಇನ್‌ಫ್ರಾರೆಡ್ ತಡೆಯುವ ಗಾಜು ನಿರ್ಧರಿಸುತ್ತದೆ. ಹೊಸ ಬಾಡಿಯಲ್ಲಿ ಆ ಗಾಜು ಸ್ವಲ್ಪ ಮುಂದಕ್ಕೆ, ಕೆಂಪಿನ ಕಡೆಗೆ, ತೆರೆದಿದ್ದರೆ ಕಣ್ಣು ಕಾಣದ ಕೆಂಪನ್ನು ಅದು ಕಂಡು ನೀಲಿಗೆ ಬೆರೆಸುತ್ತದೆ. ನೀಲಿಗೆ ಕೆಂಪು ಸೇರಿದರೆ ನೇರಳೆ.

ಇದನ್ನು ಖಚಿತ ಮಾಡಿಕೊಳ್ಳಲು ಎರಡು ದಾರಿಗಳಿವೆ. ಥ್ಯಾಲೊ ನೀಲಿ ಬಳಸಿರುವ ಚಿತ್ರವೊಂದನ್ನು ತೆಗೆದು ನೋಡಿ. ಆ ವರ್ಣದ್ರವ್ಯಕ್ಕೆ ಗಾಢಕೆಂಪಿನ ಈ ಬಾಲ ಇಲ್ಲ, ಅದು ಸರಿಯಾಗಿಯೇ ಬರಬೇಕು. ಆಮೇಲೆ ಕೋಬಾಲ್ಟ್ ಚಿತ್ರವನ್ನು ಹ್ಯಾಲೋಜನ್ ದೀಪದಲ್ಲಿ ತೆಗೆಯಿರಿ, ಅಲ್ಲಿ ಗಾಢಕೆಂಪು ಧಾರಾಳ. ದೋಷ ಹೆಚ್ಚಾದರೆ ಕಾರಣ ಇದೇ.

ಎಚ್‌ಎಸ್‌ಎಲ್ ಸ್ಲೈಡರ್‌ನಲ್ಲಿ ನೀಲಿಯನ್ನು ಎಳೆಯಬೇಡಿ ಎಂದು ಹೇಳುವುದೂ ಇದಕ್ಕೇ. ಸರಿಯಾಗಿರುವ ನೀಲಿಯನ್ನೂ ಅದು ತನ್ನ ಜೊತೆ ಎಳೆದೊಯ್ಯುತ್ತದೆ.

ಉತ್ತರ 2

ಮೇಲಿನವರು ವಿವರವಾಗಿ ಹೇಳಿದ್ದಾರೆ. ಎರಡು ಮಾತು ಸೇರಿಸುತ್ತೇನೆ.

ಜೆಪೆಗ್ ವಾಸಿ ಅನ್ನಿಸುವುದನ್ನು ಸಾಕ್ಷಿ ಎಂದು ಹಿಡಿಯಬೇಡಿ. ಕ್ಯಾಮೆರಾ ತಯಾರಕರೂ ತಮಗೆ ಬೇಕಾದ ಹದಕ್ಕೆ ಬಣ್ಣ ತಿದ್ದಿಯೇ ಜೆಪೆಗ್ ಕೊಡುವುದು. ಸಾಫ್ಟ್‌ವೇರ್‌ಗಳಲ್ಲಿ ಕ್ಯಾಮೆರಾ ಮ್ಯಾಚಿಂಗ್ ಹೆಸರಿನ ಪ್ರೊಫೈಲ್‌ಗಳ ಗುರಿಯೂ ಆ ಜೆಪೆಗ್‌ಗೆ ಹತ್ತಿರವಾಗುವುದು, ನಿಮ್ಮ ಕ್ಯಾನ್ವಾಸಿಗಲ್ಲ. ನಿಮ್ಮ ಮುಂದೆ ಮೂಲ ಚಿತ್ರವೇ ಇರುವಾಗ ಅಳತೆ ಅದರ ಜೊತೆ ಮಾತ್ರ ಆಗಲಿ.

ಇನ್ನೊಂದು, ದೀಪ. ಸಾಮಾನ್ಯ ಡಿಸಿಪಿ ಪ್ರೊಫೈಲ್‌ನಲ್ಲಿ ಎರಡು ಬೆಳಕುಗಳಿಗೆ ಮಾಡಿದ ಎರಡು ಮ್ಯಾಟ್ರಿಕ್ಸ್‌ಗಳಿರುತ್ತವೆ. ಒಂದು 2856 ಕೆಲ್ವಿನ್‌ನ ಬಲ್ಬಿನ ಬೆಳಕು, ಇನ್ನೊಂದು ಸುಮಾರು 6500 ಕೆಲ್ವಿನ್‌ನ ಹಗಲು. ನಡುವಿನ 5000ಕ್ಕೆ ಎರಡನ್ನೂ ಬೆರೆಸಿ ಒಂದು ಅಂದಾಜು ಕಟ್ಟುತ್ತದೆ. ನಿಮ್ಮ ಎಲ್‌ಇಡಿ ಬೆಳಕು ಈ ಎರಡರ ಮಿಶ್ರಣದಂತೆ ಇರುವುದೇ ಇಲ್ಲ. 450 ನ್ಯಾನೋಮೀಟರ್ ಸುಮಾರಿಗೆ ನೀಲಿಯ ಒಂದು ಚೂಪಾದ ಶಿಖರ, ಅದರ ಪಕ್ಕದಲ್ಲೇ ಒಂದು ಹಳ್ಳ, ಆಮೇಲೆ ಫಾಸ್ಫರ್‌ನ ಅಗಲವಾದ ಗುಡ್ಡ. ಡಬ್ಬಿಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬ ಅಂಕೆ) 95 ಎಂದು ಬರೆದಿದ್ದರೂ ಆ ಸರಾಸರಿ ಎಂಟು ಪೇಲವ ಬಣ್ಣಗಳದ್ದು. ಗಾಢ ಕೆಂಪಿನ ಆರ್9 ಅದರಲ್ಲಿ ಸೇರಿಲ್ಲ, ಪ್ರತ್ಯೇಕವಾಗಿ ಕೇಳಿ ನೋಡಬೇಕು. ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಪ್ರೊಫೈಲ್ ನೀವೇ ಮಾಡಿಕೊಳ್ಳಿ, ಇದೇ ದೀಪಗಳ ಕೆಳಗೆ. ದೀಪ, ಲೆನ್ಸ್, ದೂರ ಯಾವುದೂ ಬದಲಾಗದ ನಿಮ್ಮಂಥ ಕೆಲಸಕ್ಕೆ ಅದರಷ್ಟು ಒಪ್ಪುವುದು ಬೇರೆ ಇಲ್ಲ.

24 ಚೌಕಗಳ ಕಲರ್ ಚೆಕರ್ ಎಂಬ ಬಣ್ಣದ ಚಾರ್ಟ್ ಸಾಕು. ಆದರೆ ಅದನ್ನು ತೆಗೆಯುವಾಗ ಚಿತ್ರ ತೆಗೆಯುವಷ್ಟೇ ಶ್ರದ್ಧೆ ಬೇಕು. ದೀಪಗಳು ಎರಡೂ ಕಡೆಯಿಂದ 45 ಡಿಗ್ರಿ ಕೋನದಲ್ಲಿರಲಿ. ಚಾರ್ಟ್‌ನ ಸುತ್ತ, ಹಾಗೆಯೇ ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಾಕಿ. ಕಪ್ಪು ಚೌಕದ ಮೇಲೆ ಗೋಡೆಯ ಬೆಳಕು ಚೂರು ಬಿದ್ದರೂ ಗಾಢ ಬಣ್ಣಗಳ ಅಳತೆ ಕೆಡುತ್ತದೆ. ತಪ್ಪು ಪ್ರೊಫೈಲ್‌ಗಳಲ್ಲಿ ಬಹುಪಾಲು ಹುಟ್ಟುವುದು ಈ ಹೊಳಪಿನಿಂದಲೇ ಎಂದು ನನ್ನ ಅಭಿಪ್ರಾಯ. ಬಿಳಿ ಚೌಕ ರಾ ಫೈಲ್‌ನಲ್ಲಿ ಕ್ಲಿಪ್ ಆಗಿರಬಾರದು, ಅಂದರೆ ಅಂಕೆ ಗರಿಷ್ಠ ಮಿತಿಗೆ ತಾಗಿ ನಿಂತಿರಬಾರದು. ಚಾರ್ಟ್ ತೆಗೆದ ಮೇಲೆ ಅದೇ ಜಾಗದಲ್ಲಿ ಬರೀ ಬಿಳಿ ಬೋರ್ಡ್ ಇಟ್ಟು ಒಂದು ಫ್ರೇಮ್ ತೆಗೆಯಿರಿ, ಬೆಳಕಿನ ಏರುಪೇರನ್ನು ಅದರಿಂದ ಸರಿದೂಗಿಸಬಹುದು. ಚಾರ್ಟ್ 2014ರ ನವೆಂಬರ್‌ಗಿಂತ ಹಳೆಯದೋ ಹೊಸದೋ ನೋಡಿಕೊಳ್ಳಿ. ಆಗ ಚೌಕಗಳ ಬಣ್ಣದ ತಯಾರಿಕೆ ಬದಲಾಗಿದೆ, ಎರಡಕ್ಕೂ ಉಲ್ಲೇಖದ ಅಂಕೆಗಳು ಬೇರೆ. ಪ್ರೊಫೈಲ್ ಮಾಡುವ ಡಿಕ್ಯಾಮ್‌ಪ್ರೊಫ್ ಎಂಬ ಉಪಕರಣ ಬಳಸಿದರೆ ಕರ್ವ್, ಲುಕ್ ಏನೂ ಇಲ್ಲದ ಶುದ್ಧ ಡಿಸಿಪಿ ಮಾಡಿಕೊಳ್ಳಬಹುದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಸಾರೆ ಧನ್ಯವಾದ. ಹೇಳಿದ್ದನ್ನೆಲ್ಲ ಮಾಡಿ ನೋಡಿ ಬರೆಯುತ್ತಿದ್ದೇನೆ.

ಮುಚ್ಚಳ ಹಾಕಿ ತೆಗೆದ ಫ್ರೇಮ್ ಎಲ್ಲವನ್ನೂ ಹೇಳಿಬಿಟ್ಟಿತು. ಐಎಸ್‌ಒ 100ರಲ್ಲಿ ಸಾಫ್ಟ್‌ವೇರ್ ಕಳೆಯುವ ಅಂಕೆಯೂ ಸೆನ್ಸರ್‌ನ ಸರಾಸರಿಯೂ ಒಂದೇ. ದೊಡ್ಡ ಕ್ಯಾನ್ವಾಸ್‌ಗಳಿಗೆ ನಾನು ಬಳಸುವ 400ರಲ್ಲಿ ಮಾತ್ರ ಸಾಫ್ಟ್‌ವೇರ್ ಕಡಿಮೆ ಕಳೆಯುತ್ತಿದೆ. ಗುಲಾಬಿ ಬರುತ್ತಿದ್ದುದೂ ಆ ದೊಡ್ಡ ಚಿತ್ರಗಳಲ್ಲೇ ಎಂಬುದು ಈಗ ಹೊಂದಿಕೆಯಾಯಿತು. ಅಂಕೆಯನ್ನು ಕೈಯಿಂದ ತಿದ್ದಿದ ಕೂಡಲೇ ಕಪ್ಪು ಕಪ್ಪಾಗಿ ನಿಂತಿತು. ಸಾಫ್ಟ್‌ವೇರ್ ತಯಾರಕರಿಗೆ ಮುಚ್ಚಳ ಹಾಕಿ ತೆಗೆದ ಆ ಎರಡು ಫ್ರೇಮ್‌ಗಳನ್ನೂ ಕಳಿಸಿದ್ದೇನೆ. ಇನ್ನೊಬ್ಬರಿಗೆ ಈ ಪಾಡು ಬೇಡ.

ಲುಕ್ ಟೇಬಲ್ ತೆಗೆದಾಗ ಕೆಂಪು ಬಹುಮಟ್ಟಿಗೆ ನಿಂತಿತು, ಕರ್ವ್ ಅನ್ನೂ ತೆಗೆದಾಗ ಪೂರ್ತಿ ನಿಂತಿತು. ಚಿತ್ರ ಮೊದಲ ನೋಟಕ್ಕೆ ಸಪ್ಪೆ ಎನಿಸುತ್ತದೆ, ನಿಜ. ಆದರೆ ಕ್ಯಾನ್ವಾಸ್ ಪಕ್ಕದಲ್ಲಿಟ್ಟು ನೋಡಿದರೆ ಆ ಸಪ್ಪೆಯೇ ಸರಿ. ತೈಲವರ್ಣದ ಕಪ್ಪು ಯಾವತ್ತೂ ಪರದೆಯ ಕಪ್ಪಿನಷ್ಟು ಆಳ ಇರುವುದಿಲ್ಲ. ಇಷ್ಟು ಕಾಲ ಸಾಫ್ಟ್‌ವೇರ್ ಅದಕ್ಕೆ ಇಲ್ಲದ ಕಾಂಟ್ರಾಸ್ಟ್ ಸೇರಿಸುತ್ತಿತ್ತು.

ಚಾರ್ಟ್‌ನಿಂದ ಪ್ರೊಫೈಲ್ ಮಾಡಿದೆ. ಹಸಿರುಗಳು, ಮಣ್ಣಿನ ಬಣ್ಣಗಳು, ಕೆಂಪು, ಹಳದಿ, ಎಲ್ಲವೂ ಈಗ ನನಗೆ ಸಮಾಧಾನ ಕೊಡುವಷ್ಟು ಹತ್ತಿರ ಬಂದಿವೆ. ಅದರಲ್ಲೂ ರಾ ಸಿಯೆನಾ ಮತ್ತು ಓಕರ್ ನಡುವಿನ ಸೂಕ್ಷ್ಮ ವ್ಯತ್ಯಾಸ ಹೊಸ ಪ್ರೊಫೈಲ್‌ನಲ್ಲಿ ಉಳಿದುಕೊಂಡಿದೆ. ಮೊದಲಿನದರಲ್ಲಿ ಎರಡೂ ಒಂದೇ ಆಗಿಬಿಡುತ್ತಿದ್ದವು. ಇದನ್ನು ಕಂಡಾಗ ಆದ ಸಂತೋಷ ದೊಡ್ಡದು. ಆ ವ್ಯತ್ಯಾಸಕ್ಕಾಗಿಯೇ ಅಲ್ಲವೇ ಕಲಾವಿದರು ಎರಡು ಟ್ಯೂಬ್ ಇಟ್ಟುಕೊಳ್ಳುವುದು.

ಕೋಬಾಲ್ಟ್ ಮಾತ್ರ ಇನ್ನೂ ನೇರಳೆಯೇ. ಮೊದಲಿಗಿಂತ ಕಡಿಮೆ, ಆದರೂ ಇದೆ. ಥ್ಯಾಲೊ ನೀಲಿ ಅದೇ ಪ್ರೊಫೈಲ್‌ನಲ್ಲಿ ತಪ್ಪಿಲ್ಲದೆ ಬಂತು. ಹ್ಯಾಲೋಜನ್‌ನಲ್ಲಿ ಕೋಬಾಲ್ಟ್‌ನ ದೋಷ ಇನ್ನಷ್ಟು ಹೆಚ್ಚಿತು. ಅಲ್ಲಿಗೆ ಕಾರಣ ನೀವು ಹೇಳಿದ್ದೇ ಎಂದಾಯಿತು. ಇದಕ್ಕೆ ಪ್ರೊಫೈಲ್‌ನಲ್ಲೇ ಏನಾದರೂ ಮಾಡಬಹುದೇ? ಚಾರ್ಟ್‌ಗೆ ಕೋಬಾಲ್ಟ್ ಬಳಿದ ಚೌಕವೊಂದನ್ನು ಸೇರಿಸಿದರೆ?

ಉತ್ತರ 3

ಕೋಬಾಲ್ಟ್ ಚೌಕ ಸೇರಿಸುವುದರಲ್ಲಿ ಒಂದು ಅಪಾಯವಿದೆ. ಸೆನ್ಸರ್ ಕೊಡುವ ಮೂರು ಅಂಕೆಗಳು ಕೋಬಾಲ್ಟ್‌ಗೂ, ನಿಜವಾಗಿಯೇ ನೇರಳೆಮಿಶ್ರಿತವಾದ ಬೇರೊಂದು ನೀಲಿಗೂ ಒಂದೇ ಆಗಿರಬಹುದು. ಪ್ರೊಫೈಲ್‌ಗೆ ಕಾಣುವುದು ಆ ಮೂರು ಅಂಕೆಗಳು ಮಾತ್ರ. ಕೋಬಾಲ್ಟನ್ನು ಸರಿಪಡಿಸಿದರೆ ಆ ಇನ್ನೊಂದು ನೀಲಿ ಕೆಡುತ್ತದೆ. ಕಲಾವಿದರ ಪ್ಯಾಲೆಟ್‌ನಲ್ಲಿ ಏನೇನಿದೆ ಎಂಬುದು ಖಚಿತವಾಗಿ ಗೊತ್ತಿದ್ದರೆ ಮಾತ್ರ ಆ ದಾರಿ ಹಿಡಿಯಿರಿ. ಆಗಲೂ ಆ ಪ್ಯಾಲೆಟ್‌ಗೆಂದೇ ಬೇರೆ ಪ್ರೊಫೈಲ್ ಮಾಡಿ, ಸಾಮಾನ್ಯ ಪ್ರೊಫೈಲ್‌ಗೆ ಬೆರೆಸಬೇಡಿ. ಬಳಿದ ಚೌಕಗಳನ್ನು ಸ್ಪೆಕ್ಟ್ರೋಫೋಟೊಮೀಟರ್‌ನಲ್ಲಿ ಅಳೆಯಲೇಬೇಕಾಗುತ್ತದೆ, ಕಣ್ಣಳತೆ ಇಲ್ಲಿ ನಡೆಯದು.

ಉತ್ತರ 1 ಬರೆದವರು

ಮೇಲಿನ ಮಾತು ಸರಿ. ಸೆನ್ಸರ್‌ನಲ್ಲಿ ಒಮ್ಮೆ ಬೆರೆತುಹೋದ ಬೆಳಕನ್ನು ಆಮೇಲೆ ಯಾವ ಲೆಕ್ಕವೂ ಪೂರ್ತಿ ಬೇರ್ಪಡಿಸಲಾರದು. ಆದ್ದರಿಂದ ಬೆರೆಯುವ ಮೊದಲೇ ತಡೆಯುವುದು ಒಳ್ಳೆಯದು. ಲೆನ್ಸ್ ಮುಂದೆ ಯುವಿ-ಐಆರ್ ಕಟ್ ಫಿಲ್ಟರ್ ಹಾಕಿ ನೋಡಿ. ಅದು ಎಲ್ಲಿಂದ ಕಡಿಯಲು ಶುರುಮಾಡುತ್ತದೆ ಎಂಬ ಗ್ರಾಫನ್ನು ಕೊಳ್ಳುವ ಮೊದಲೇ ಕೇಳಿ. 700 ನ್ಯಾನೋಮೀಟರ್‌ನ ಆಚೆ ಮಾತ್ರ ಕಡಿಯುವ ಫಿಲ್ಟರ್‌ನಿಂದ ನಿಮ್ಮ ಎಲ್‌ಇಡಿಗಳ ಕೆಳಗೆ ಹೆಚ್ಚಿನ ಲಾಭವಿಲ್ಲ, ಏಕೆಂದರೆ ಅಲ್ಲಿ ಅವುಗಳ ಬೆಳಕೇ ತೀರಾ ಕಡಿಮೆ. ಅದಕ್ಕಿಂತ ಸ್ವಲ್ಪ ಮುಂಚೆಯೇ ಕಡಿಯುವಂಥದ್ದು ಬೇಕು. ಈ ಫಿಲ್ಟರ್‌ಗಳಲ್ಲಿ ಬಹಳಷ್ಟು ಪದರಗಳ ಲೇಪನದಿಂದ ಕೆಲಸ ಮಾಡುತ್ತವೆ. ಬೆಳಕು ಓರೆಯಾಗಿ ಬಂದಂತೆ ಅವು ಕಡಿಯುವ ಜಾಗವೂ ಸರಿಯುತ್ತದೆ. ವೈಡ್ ಲೆನ್ಸ್ ಹಾಕಿದರೆ ಚಿತ್ರದ ಅಂಚುಗಳಲ್ಲಿ ಬೇರೆಯೇ ಛಾಯೆ ಬರುತ್ತದೆ. ಉದ್ದದ ಲೆನ್ಸ್ ಹಾಕಿ ದೂರದಿಂದ ತೆಗೆಯಿರಿ.

ಫಿಲ್ಟರ್ ಹಾಕಿದ ಮೇಲೆ ಈಗಿನ ಪ್ರೊಫೈಲ್ ಉಪಯೋಗಕ್ಕೆ ಬಾರದು. ಚಾರ್ಟನ್ನೂ ಬಿಳಿ ಬೋರ್ಡನ್ನೂ ಫಿಲ್ಟರ್ ಇಟ್ಟೇ ಮತ್ತೆ ತೆಗೆದು ಹೊಸದು ಮಾಡಿಕೊಳ್ಳಿ. ಅಷ್ಟಾದರೂ ಕೋಬಾಲ್ಟ್‌ನಲ್ಲಿ ಚೂರು ನೇರಳೆ ಉಳಿದರೆ ಆ ಭಾಗಕ್ಕೆ ಮಾತ್ರ ಮಾಸ್ಕ್ ಹಾಕಿ, ಮೂಲ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡು ತಿದ್ದಿ. ಚಿತ್ರ ಪ್ರತಿ ಮಾಡುವವರೆಲ್ಲ ಕೊನೆಗೆ ಹೀಗೆ ಕೈಯಿಂದ ಮುಟ್ಟುವ ಬಣ್ಣಗಳು ಒಂದೆರಡು ಇದ್ದೇ ಇರುತ್ತವೆ. ಯಾವ ಭಾಗವನ್ನು ತಿದ್ದಿದ್ದೀರಿ ಎಂಬುದನ್ನು ಫೈಲ್‌ನ ಮೆಟಾಡೇಟಾದಲ್ಲಿ ಬರೆದಿಡಿ, ಮುಂದೆ ಅದೇ ಸಂಗ್ರಹವನ್ನು ಇನ್ನೊಬ್ಬರು ತೆರೆದಾಗ ಅವರಿಗೆ ಬೇಕಾಗುತ್ತದೆ.

ಸಾಫ್ಟ್‌ವೇರ್‌ನವರು ಬ್ಲ್ಯಾಕ್ ಲೆವೆಲ್ ಸರಿಪಡಿಸಿ ಹೊಸ ಆವೃತ್ತಿ ಬಿಟ್ಟರೆ ನಿಮ್ಮ ಕೈತಿದ್ದುಪಡಿಯನ್ನು ತೆಗೆಯಲು ಮರೆಯಬೇಡಿ. ಅದು ಉಳಿದುಕೊಂಡರೆ ಎರಡು ಬಾರಿ ಕಳೆದಂತಾಗಿ ನೆರಳು ಹಸಿರಿಗೆ ತಿರುಗಬಹುದು.